ರಾಹುಲ್ ದ್ರಾವಿಡ್

ರಾಹುಲ್ ಶರದ್ ದ್ರಾವಿಡ್ (ಜನನ: ಜನವರಿ 11, 1973, ಇಂದೋರ್) ಭಾರತದ ಮಾಜಿ ಕ್ರಿಕೆಟ್ ಆಟಗಾರ, ರಾಷ್ಟ್ರೀಯ ತಂಡದ ಮಾಜಿ ನಾಯಕ ಹಾಗೂ ಮಾಜಿ ಮುಖ್ಯ ತರಬೇತುದಾರ. ಬೆಂಗಳೂರಿನಲ್ಲಿ ಬೆಳೆದ ಇವರು ದೇಶೀಯ ಕ್ರಿಕೆಟ್‌ನಲ್ಲಿ ಕರ್ನಾಟಕ ತಂಡವನ್ನು ಪ್ರತಿನಿಧಿಸಿದರು. ದೀರ್ಘಕಾಲ ಕ್ರೀಸಿನಲ್ಲಿ ನೆಲೆನಿಲ್ಲುವ ಬ್ಯಾಟಿಂಗ್ ಶೈಲಿಯಿಂದಾಗಿ 'ದಿ ವಾಲ್' (ಗೋಡೆ) ಎಂದು ಹೆಸರಾದರು.

ಆಟಗಾರನಾಗಿ

1990–91ರ ಋತುವಿನಲ್ಲಿ ರಣಜಿ ಟ್ರೋಫಿಗೆ ಪದಾರ್ಪಣೆ ಮಾಡಿದ ದ್ರಾವಿಡ್, 1996ರ ಜೂನ್‌ನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಆಡಿದ ಮೊದಲ ಟೆಸ್ಟ್‌ನಲ್ಲಿ 95 ರನ್ ಗಳಿಸಿದರು. 2012ರಲ್ಲಿ ನಿವೃತ್ತರಾಗುವ ವೇಳೆಗೆ 164 ಟೆಸ್ಟ್‌ಗಳಲ್ಲಿ 36 ಶತಕಗಳೊಂದಿಗೆ 13,288 ರನ್, 344 ಏಕದಿನ ಪಂದ್ಯಗಳಲ್ಲಿ 10,889 ರನ್ ಗಳಿಸಿದ್ದರು. ಇವರ ನಾಯಕತ್ವದಲ್ಲಿ ಭಾರತ 2006ರಲ್ಲಿ ವೆಸ್ಟ್ ಇಂಡೀಸ್‌ನಲ್ಲಿಯೂ 2007ರಲ್ಲಿ ಇಂಗ್ಲೆಂಡ್‌ನಲ್ಲಿಯೂ ಟೆಸ್ಟ್ ಸರಣಿ ಗೆದ್ದಿತು. ಆದರೆ ವೆಸ್ಟ್ ಇಂಡೀಸ್‌ನಲ್ಲಿ ನಡೆದ 2007ರ ವಿಶ್ವಕಪ್‌ನಲ್ಲಿ ಬಾಂಗ್ಲಾದೇಶ ಮತ್ತು ಶ್ರೀಲಂಕಾ ತಂಡಗಳಿಗೆ ಸೋತು ಗುಂಪು ಹಂತದಲ್ಲೇ ಹೊರಬಿದ್ದಿತು. ವಿಶ್ವಕಪ್ ಗೆದ್ದ ತಂಡದಲ್ಲಿ ಆಡುವ ಅವಕಾಶ ಇವರಿಗೆ ಒದಗಲಿಲ್ಲ.

ಕಿರಿಯರ ತರಬೇತುದಾರ

2015ರಲ್ಲಿ ಭಾರತ 'ಎ' ಮತ್ತು 19 ವರ್ಷದೊಳಗಿನವರ ತಂಡಗಳ ಹೊಣೆ ವಹಿಸಿಕೊಂಡರು. 'ಎ' ತಂಡದ ಪ್ರವಾಸಕ್ಕೆ ಆಯ್ಕೆಯಾದ ಎಲ್ಲರಿಗೂ ಆಡುವ ಅವಕಾಶ ಸಿಗಬೇಕೆಂಬುದು ಇವರ ನಿಲುವಾಗಿತ್ತು. ಕಿರಿಯರ ತಂಡ 2016ರ ವಿಶ್ವಕಪ್‌ನ ಫೈನಲ್‌ನಲ್ಲಿ ಸೋತು, 2018ರಲ್ಲಿ ಪ್ರಶಸ್ತಿ ಗೆದ್ದಿತು. ಆ ಗೆಲುವಿಗೆ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿ ದ್ರಾವಿಡ್‌ಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಬಹುಮಾನ ಘೋಷಿಸಿತ್ತು. ಈ ತಾರತಮ್ಯವನ್ನು ದ್ರಾವಿಡ್ ಒಪ್ಪದ ಕಾರಣ ಎಲ್ಲರಿಗೂ ಸಮನಾಗಿ 25 ಲಕ್ಷ ನೀಡಲಾಯಿತು. 2019ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥರಾದರು.

ರಾಷ್ಟ್ರೀಯ ತಂಡದ ಮುಖ್ಯ ತರಬೇತುದಾರ

2021ರ ನವೆಂಬರ್‌ನಲ್ಲಿ ರವಿ ಶಾಸ್ತ್ರಿಯವರ ಉತ್ತರಾಧಿಕಾರಿಯಾಗಿ ನೇಮಕಗೊಂಡರು. ಆರಂಭದ ವರ್ಷಗಳಲ್ಲಿ ಪ್ರಮುಖ ಪ್ರಶಸ್ತಿಗಳು ಕೊನೆಯ ಹಂತದಲ್ಲಿ ಕೈತಪ್ಪಿದವು. 2022ರ ಟಿ20 ವಿಶ್ವಕಪ್‌ನ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ 10 ವಿಕೆಟ್‌ಗಳಿಂದ ಭಾರತವನ್ನು ಸೋಲಿಸಿತು. 2023ರ ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ತಂಡ ಆಸ್ಟ್ರೇಲಿಯಾಕ್ಕೆ ಮಣಿಯಿತು. ಅದೇ ವರ್ಷ ತವರಿನ ಏಕದಿನ ವಿಶ್ವಕಪ್‌ನಲ್ಲಿ ಸತತ 10 ಪಂದ್ಯ ಗೆದ್ದರೂ, ನವೆಂಬರ್ 19ರಂದು ಅಹಮದಾಬಾದ್‌ನ ಫೈನಲ್‌ನಲ್ಲಿ ಮತ್ತೆ ಆಸ್ಟ್ರೇಲಿಯಾ ಎದುರು ಸೋತಿತು.

ಇದರ ನಂತರ ದ್ರಾವಿಡ್ ಅವರ ಅವಧಿಯನ್ನು 2024ರ ಟಿ20 ವಿಶ್ವಕಪ್‌ವರೆಗೆ ವಿಸ್ತರಿಸಲಾಯಿತು. 2024ರ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ರೋಹಿತ್ ಶರ್ಮಾ ನಾಯಕತ್ವದ ಭಾರತ ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿ ವಿಶ್ವಕಪ್ ಗೆದ್ದುಕೊಂಡಿತು. ನಾಯಕರಾಗಿ ಅತಿ ದೊಡ್ಡ ಸೋಲನ್ನು ಕಂಡ ಕೆರಿಬಿಯನ್ ನೆಲದಲ್ಲೇ, 17 ವರ್ಷಗಳ ನಂತರ, ದ್ರಾವಿಡ್ ತರಬೇತುದಾರರಾಗಿ ವಿಶ್ವಕಪ್ ವಿಜೇತ ತಂಡದ ಭಾಗವಾದರು. ಈ ಪಂದ್ಯದೊಂದಿಗೆ ಅವರ ಅಧಿಕಾರಾವಧಿ ಮುಗಿಯಿತು; ಗೌತಮ್ ಗಂಭೀರ್ ಆ ಸ್ಥಾನಕ್ಕೆ ನೇಮಕಗೊಂಡರು.