ಜಮೀನು ಬಿಟ್ಟುಕೊಟ್ಟ ಜಮೀನುದಾರರು

ಇಂಗ್ಲೆಂಡಿನ ಜಮೀನುದಾರ ಮನೆತನಗಳಿಂದ ಪಾರ್ಲಿಮೆಂಟನ್ನು ಹೊಕ್ಕವರು ಲೆಕ್ಕವಿಲ್ಲದಷ್ಟು ಮಂದಿ. ಆದರೆ ತಮ್ಮ ಜಮೀನನ್ನೇ ಸಾರ್ವಜನಿಕರಿಗೆ ಒಪ್ಪಿಸಿದವರು ವಿರಳ. ನಾರ್ತಂಬರ್ಲೆಂಡಿನ ವಾಲಿಂಗ್ಟನ್ ಎಸ್ಟೇಟಿನ ಒಡೆಯರಾಗಿದ್ದ ಸರ್ ಚಾರ್ಲ್ಸ್ ಫಿಲಿಪ್ಸ್ ಟ್ರೆವೆಲಿಯನ್ನರು (1870-1958) ಅಂಥವರಲ್ಲೊಬ್ಬರು.

ಈ ಮನೆತನ ನಮಗೆ ತೀರ ಅಪರಿಚಿತವಾದುದಲ್ಲ. ಇವರ ತಾತ ಸರ್ ಚಾರ್ಲ್ಸ್ ಎಡ್ವರ್ಡ್ ಟ್ರೆವೆಲಿಯನ್ 1859ರಲ್ಲಿ ಮದರಾಸಿನ ಗವರ್ನರಾಗಿ ಬಂದಾಗ ಕನ್ನಡ ಜಿಲ್ಲೆಯೂ ಬಳ್ಳಾರಿಯೂ ಆ ಆಧಿಪತ್ಯಕ್ಕೆ ಸೇರಿದ್ದುವು. ಹೊಸ ಆದಾಯ ತೆರಿಗೆಯನ್ನು ಬಹಿರಂಗವಾಗಿ ವಿರೋಧಿಸಿದ ಕಾರಣ ಮರುವರ್ಷವೇ ಅವರನ್ನು ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಐರ್ಲೆಂಡಿನ ಮಹಾಕ್ಷಾಮದಲ್ಲಿ ಖಜಾನೆಯ ಕೈಯನ್ನು ಬಿಗಿಹಿಡಿದವರೂ ಅವರೇ ಎಂಬುದನ್ನು ನಾವು ಮರೆಯತಕ್ಕುದಲ್ಲ. ಅವರ ಪತ್ನಿ ಹನ್ನಾ, ಮೆಕಾಲೆಯ ತಂಗಿ.

ತಾತನ ಬಿಗಿ ಮೊಮ್ಮಗನಿಗೆ ಬರಲಿಲ್ಲ. ಮಣಿಯದ ಗುಣ ಮಾತ್ರ ಬಂದಿತು. 1899ರಲ್ಲಿ ಎಲ್ಲಂಡ್ ಕ್ಷೇತ್ರದಿಂದ ಉದಾರಪಕ್ಷದ ಸದಸ್ಯರಾದ ಇವರು 1914ರಲ್ಲಿ ಯುದ್ಧವನ್ನು ಒಪ್ಪದೆ ಸರ್ಕಾರದ ಹುದ್ದೆಯನ್ನು ತ್ಯಜಿಸಿದರು. 1918ರಲ್ಲಿ ಸ್ಥಾನವನ್ನೂ ಕಳೆದುಕೊಂಡರು. ಬಳಿಕ ಕಾರ್ಮಿಕಪಕ್ಷದಿಂದ ಆಯ್ಕೆಗೊಂಡು ಎರಡು ಬಾರಿ ವಿದ್ಯಾಮಂತ್ರಿಗಳಾದರು. ಮಕ್ಕಳ ಕಡ್ಡಾಯ ಶಾಲಾವಯಸ್ಸನ್ನು 14ರಿಂದ 15ಕ್ಕೇರಿಸುವ ಮಸೂದೆಯನ್ನು 1931ರಲ್ಲಿ ಪ್ರಭುಸಭೆಯು ತಿರಸ್ಕರಿಸಲು, ಪುನಃ ರಾಜೀನಾಮೆಯಿತ್ತರು.

1928ರಲ್ಲಿ ತಂದೆಯವರು ತೀರಿಕೊಂಡಾಗ ಸುಮಾರು 13,000 ಎಕರೆಗಳ ವಾಲಿಂಗ್ಟನ್ ಇವರ ಕೈಸೇರಿತ್ತು. ಭೂಮಿಯು ಕೆಲವರ ಸೊತ್ತಾಗಿರಬಾರದೆಂದು ಸಾರುವವನು ಅಷ್ಟೊಂದು ಭೂಮಿಯನ್ನು ಇಟ್ಟುಕೊಳ್ಳುವುದು ಹೇಗೆ? ಬಹುಮಂದಿ ಈ ಪ್ರಶ್ನೆಯನ್ನು ಸಭೆಯಲ್ಲೇ ಬಿಟ್ಟು ಮನೆಗೆ ಹೋಗುತ್ತಾರೆ. ಇವರು 1941ರಲ್ಲಿ ಮನೆ, ಜಮೀನು ಎರಡನ್ನೂ ನ್ಯಾಷನಲ್ ಟ್ರಸ್ಟಿಗೆ ಬರೆದುಕೊಟ್ಟರು.

ಆದರೆ ತಮ್ಮ ಜೀವಮಾನವಿಡೀ ಅಲ್ಲಿಯೇ ವಾಸಿಸುವ ಹಕ್ಕನ್ನು ಉಳಿಸಿಕೊಂಡಿದ್ದರು. ಆದುದರಿಂದ ಈ ತ್ಯಾಗದ ಭಾರ ಬಿದ್ದುದು ದಾನಿಯ ಮೇಲಲ್ಲ, ಹಿರಿಯ ಮಗ ಜಾರ್ಜರ ಮೇಲೆ. ದಾನವು ಶ್ಲಾಘ್ಯವೇ ಸರಿ. ಆದರೆ ಮಗನ ಪಾಲಿನದನ್ನು ಕೊಡುವುದು ತನ್ನದನ್ನು ಕೊಡುವುದಕ್ಕಿಂತ ಸುಲಭವೆಂದು ನಮಗೆ ತೋರುತ್ತದೆ. 1958ರಲ್ಲಿ ಜಾರ್ಜರಿಗೆ ಬಂದುದು ಸರ್ ಎಂಬ ಬಿರುದು, ವಾಲಿಂಗ್ಟನ್ನಲ್ಲ. ಆ ವೇಳೆಗೆ ಅವರು ಶ್ರಾಪ್‌ಷೈರಿನ ಆಟಿಂಗ್‌ಹ್ಯಾಮಿನಲ್ಲಿ ವಯಸ್ಕರ ವಿದ್ಯಾಲಯವೊಂದರ ಮುಖ್ಯಸ್ಥರಾಗಿ ಹತ್ತು ವರ್ಷಗಳಾಗಿದ್ದುವು. ಬೇರೊಬ್ಬ ಶ್ರೀಮಂತನು ಅದೇ ಟ್ರಸ್ಟಿಗೆ ಬಿಟ್ಟುಹೋದ ಬಂಗಲೆಯಲ್ಲಿ ಆ ವಿದ್ಯಾಲಯ ನಡೆಯುತ್ತಿತ್ತು.