ಟೊಯಾಮಾದ ತುಂಬಿದ ಮನೆ

1993ರ ಜುಲೈ ತಿಂಗಳು. ಜಪಾನಿನ ಟೊಯಾಮಾ ನಗರದ ಒಂದು ಬಡಾವಣೆಯಲ್ಲಿ ಮೂವರು ನರ್ಸುಗಳು ಸೇರಿ ಮನೆಯೊಂದನ್ನು ತೆರೆದರು. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ಒಂಟಿಯಾಗಿ ಕೂರುವ ವೃದ್ಧರು ಇಲ್ಲಿಗೆ ಬರಲಿ, ಉಣ್ಣಲಿ, ನಾಲ್ಕು ಮಾತಾಡಲಿ, ಸಂಜೆ ಮನೆಗೆ ಹೋಗಲಿ ಎಂಬುದು ಅವರ ಎಣಿಕೆಯಾಗಿತ್ತು. ಆದರೆ ಆ ಹೊಸ ಬಾಗಿಲಿಗೆ ಮೊದಲು ಬಂದದ್ದು ಅಜ್ಜನೂ ಅಲ್ಲ, ಅಜ್ಜಿಯೂ ಅಲ್ಲ. ಅಂಗವೈಕಲ್ಯವಿದ್ದ ಮೂರು ವರ್ಷದ ಮಗು. ಮಗು ಹುಟ್ಟಿದ ಮೇಲೆ ತನ್ನದು ಅನ್ನುವ ಒಂದು ಗಳಿಗೆಯನ್ನೂ ಕಾಣದಿದ್ದ ತಾಯಿ, ಪಾರ್ಲರಿಗೆ ಹೋಗಿ ಬರುವಷ್ಟು ಹೊತ್ತು ಇವನನ್ನು ನೋಡಿಕೊಳ್ಳುತ್ತೀರಾ ಎಂದು ಕೇಳಿದಳು. ನರ್ಸುಗಳು ಮಗುವನ್ನು ಎತ್ತಿಕೊಂಡು ಒಳಗೆ ಕರೆದುಕೊಂಡರು.

ಆ ಮನೆಯ ಹೆಸರು ‘ಕೊನೊಯುಬಿ ತೋಮಾರೆ’. ಆಟಕ್ಕೆ ಜೊತೆ ಬೇಕಾದಾಗ ಜಪಾನಿನ ಮಕ್ಕಳು ತೋರುಬೆರಳು ಎತ್ತಿ ಹಿಡಿದು, ಬರುವವರೆಲ್ಲ ಈ ಬೆರಳು ಹಿಡಿಯಿರಿ ಎಂದು ಕೂಗುವ ಮಾತದು. ವೃದ್ಧರು, ಎಳೆಯ ಮಕ್ಕಳು, ಅಂಗವಿಕಲರು ಎಲ್ಲರನ್ನೂ ಒಂದೇ ಸೂರಿನಡಿ ನೋಡಿಕೊಳ್ಳುವ ಈ ಪದ್ಧತಿಗೆ ಇವತ್ತು ಜಪಾನಿನಾದ್ಯಂತ ‘ಟೊಯಾಮಾ ಮಾದರಿಯ ಹಗಲು ಆರೈಕೆ’ ಎಂಬ ಹೆಸರಿದೆ. ಹಿರಿಯ ನಾಗರಿಕರಿಗಾಗಿ ಸಣ್ಣ ಊರೊಂದು ಏನೇನು ಮಾಡಬಹುದು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಮನೆ.

ಈ ಮೂವರ ಮುಂದಾಳು ಸೋಮನ್ ಕಯೋಕೊ. ಟೊಯಾಮಾದ ರೆಡ್ ಕ್ರಾಸ್ ಆಸ್ಪತ್ರೆಯಲ್ಲಿ ಸುಮಾರು ಇಪ್ಪತ್ತು ವರ್ಷ ನರ್ಸ್ ಆಗಿದ್ದವರು. ವಯಸ್ಸಾದ ರೋಗಿಗಳು ಅವರ ಕೈ ಹಿಡಿದು, ಮನೆಗೆ ಹೋಗಬೇಕು, ನಮ್ಮ ಮನೆಯ ತತಾಮಿ ಚಾಪೆಯ ಮೇಲೆ ಸಾಯಬೇಕು ಎಂದು ಅಳುತ್ತಿದ್ದರಂತೆ. ಹಗಲು ಹೊತ್ತು ನೋಡಿಕೊಳ್ಳುವವರಿಲ್ಲ ಎಂಬ ಒಂದೇ ಕಾರಣಕ್ಕೆ ಆಸ್ಪತ್ರೆಯ ಮಂಚದಲ್ಲೇ ಉಳಿದವರು ಎಷ್ಟೋ ಜನ. ಕೊನೆಗೆ ಸೋಮನ್ ಮತ್ತು ಅವರ ಇಬ್ಬರು ಗೆಳತಿಯರು ಕೆಲಸ ಬಿಟ್ಟು, ಬಂದ ನಿವೃತ್ತಿಯ ಹಣವನ್ನೇ ಹಾಕಿ ಮನೆ ಮಾಡಿದರು. 2015ರಲ್ಲಿ ಸೋಮನ್ ಅವರಿಗೆ ಫ್ಲಾರೆನ್ಸ್ ನೈಟಿಂಗೇಲ್ ಪದಕ ಬಂತು. ಅದಕ್ಕೂ ಮೊದಲು ಅವರು ಬಹಳ ಕಾಲ ಸರ್ಕಾರಿ ಕಚೇರಿಗಳ ಮೆಟ್ಟಿಲು ಹತ್ತಿಳಿದಿದ್ದರು.

ಅನುದಾನ ಕೇಳಿ ಹೋದಲ್ಲೆಲ್ಲ ತೊಡಕು ಒಂದೇ. ವೃದ್ಧರಿಗೊಂದು ಇಲಾಖೆ, ಮಕ್ಕಳಿಗೊಂದು, ಅಂಗವಿಕಲರಿಗೆ ಮತ್ತೊಂದು. ನಿಮ್ಮದು ಯಾವುದು, ಒಂದನ್ನು ಆರಿಸಿಕೊಳ್ಳಿ, ಹಣ ಕೊಡುತ್ತೇವೆ ಎಂಬ ಉತ್ತರ. ಒಂದನ್ನು ಆರಿಸಿಕೊಂಡಿದ್ದರೆ ಅವರ ಕಷ್ಟ ಆಗಲೇ ಮುಗಿಯುತ್ತಿತ್ತು. ಅವರು ಆರಿಸಿಕೊಳ್ಳಲಿಲ್ಲ. ದೇಣಿಗೆ, ಬಂದವರು ಕೊಟ್ಟ ಶುಲ್ಕ, ಸ್ವಯಂಸೇವಕರ ದುಡಿಮೆ ಇಷ್ಟರಲ್ಲೇ ಕೆಲವು ವರ್ಷ ಮನೆ ನಡೆಯಿತು. ಕ್ರಮೇಣ ಸ್ಥಳೀಯ ಆಡಳಿತವೇ ಬಾಗಿತು. ಎರಡು ಇಲಾಖೆಗಳ ಹಣವನ್ನು ಒಂದೇ ಮನೆಗೆ ಕೊಡುವ ದಾರಿಯನ್ನು ಟೊಯಾಮಾದ ಅಧಿಕಾರಿಗಳು ಕಂಡುಕೊಂಡರು. 2003ರಲ್ಲಿ ಕೇಂದ್ರ ಸರ್ಕಾರ ಈ ಮಾದರಿಗಾಗಿ ಇಲ್ಲಿ ನಿಯಮಗಳನ್ನು ಸಡಿಲಿಸಿ ವಿಶೇಷ ವಲಯ ಘೋಷಿಸಿತು. 2006ರಲ್ಲಿ ಆ ಸಡಿಲಿಕೆ ದೇಶಕ್ಕೆಲ್ಲ ಅನ್ವಯವಾಯಿತು. 2018ರಲ್ಲಿ ಈ ಪದ್ಧತಿ ‘ಸಹಬಾಳ್ವೆ ಸೇವೆ’ ಎಂಬ ಹೆಸರಿನಲ್ಲಿ ರಾಷ್ಟ್ರದ ಆರೈಕೆ ವಿಮೆಯ ನಿಯಮಗಳೊಳಗೇ ಸೇರಿತು. ಮೂವರು ನರ್ಸುಗಳ ಹಟವೊಂದು ಕಾನೂನಾಗಲು ಇಪ್ಪತ್ತೈದು ವರ್ಷ ಹಿಡಿಯಿತು.

ಇಂಥ ಮನೆಯೊಳಗೆ ನಡೆಯುವುದೇನು? ಹೊರಗಿನಿಂದ ನೋಡಿದರೆ ಬೀದಿಯ ಬೇರೆ ಮನೆಗಳಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಒಳಗೆ ದೊಡ್ಡದೊಂದು ನಡುಮನೆ, ಅದಕ್ಕೆ ಹೊಂದಿಕೊಂಡ ಅಡುಗೆಮನೆ. ಬೆಳಿಗ್ಗೆ ವ್ಯಾನು ಹೋಗಿ ವೃದ್ಧರನ್ನು ಕರೆತರುತ್ತದೆ. ತಾಯಂದಿರು ಕೂಸುಗಳನ್ನು ಬಿಟ್ಟುಹೋಗುತ್ತಾರೆ. ಶಾಲೆ ಬಿಟ್ಟ ಮೇಲೆ ದೊಡ್ಡ ಮಕ್ಕಳು ಬರುತ್ತಾರೆ. ಗಂಟೆಗಂಟೆಗೂ ಇಂಥದ್ದೇ ಮಾಡಬೇಕೆಂಬ ವೇಳಾಪಟ್ಟಿಯ ಒತ್ತಾಯವಿಲ್ಲ. ಮರೆಗುಳಿ ಕಾಯಿಲೆಯ ಅಜ್ಜಿಯೊಬ್ಬಳಿಗೆ ಇವತ್ತು ಯಾವ ವಾರವೆಂಬುದು ತಿಳಿಯದು. ಆದರೆ ಕೂಸನ್ನು ಮಡಿಲಿಗೆ ಕೊಟ್ಟರೆ ಅವಳ ಎಡಗೈ ತಾನಾಗಿ ಅದರ ಕತ್ತಿನ ಕೆಳಗೆ ಹೋಗುತ್ತದೆ, ಬಲಗೈ ಬೆನ್ನು ತಟ್ಟತೊಡಗುತ್ತದೆ. ಒಗೆದ ಟವೆಲ್ಲುಗಳ ರಾಶಿ ಮುಂದಿಟ್ಟರೆ ಅಂಚಿಗೆ ಅಂಚು ಕೂಡಿಸಿ ಮಡಿಸುತ್ತಾಳೆ. ಅವಳು ಕೇಳಿದ್ದನ್ನೇ ಹತ್ತು ಸಲ ಕೇಳಿದರೆ ದೊಡ್ಡವರಿಗೆ ಬೇಸರ ಬಂದೀತು. ನಾಲ್ಕು ವರ್ಷದ ಮಗು ಹತ್ತು ಸಲವೂ ಉತ್ತರ ಹೇಳುತ್ತದೆ, ಯಾಕೆಂದರೆ ಅದೂ ಕೇಳಿದ್ದನ್ನೇ ಕೇಳುವ ವಯಸ್ಸಿನದು. ಬುದ್ಧಿಮಾಂದ್ಯತೆಯಿರುವ ಯುವಕರು ಇಲ್ಲಿ ಆರೈಕೆ ಪಡೆಯಲು ಬಂದವರಷ್ಟೇ ಅಲ್ಲ. ಊಟ ಬಡಿಸುವ, ಗಾಲಿಕುರ್ಚಿ ತಳ್ಳುವ ಕೆಲಸ ಹಿಡಿದವರೂ ಇದ್ದಾರೆ.

ಮುಪ್ಪಿನಲ್ಲಿ ಮನುಷ್ಯನನ್ನು ಬಗ್ಗಿಸುವುದು ಮಂಡಿನೋವಿಗಿಂತ ಹೆಚ್ಚಾಗಿ ತನ್ನಿಂದ ಇನ್ನು ಯಾರಿಗೂ ಏನೂ ಆಗಬೇಕಾದ್ದಿಲ್ಲ ಎಂಬ ಭಾವನೆ. ಊಟ, ಔಷಧಿ, ಹಾಸಿಗೆ ಎಲ್ಲವನ್ನೂ ಕೊಡುವ ವೃದ್ಧಾಶ್ರಮವೂ ಆ ಭಾವನೆಯನ್ನು ತೆಗೆಯಲಾರದು. ಟೊಯಾಮಾದ ಈ ಮನೆ ವೃದ್ಧರ ಕೈಗೆ ಕೆಲಸ ಕೊಟ್ಟಿತು. ಇವತ್ತು ಟೊಯಾಮಾ ಪ್ರಾಂತ್ಯವೊಂದರಲ್ಲೇ ಇಂಥ ನೂರಕ್ಕೂ ಹೆಚ್ಚು ಮನೆಗಳಿವೆ.

ಹೀಗೆ ಒಳಗಿನ ಬದುಕು ಕಟ್ಟಿಕೊಂಡರೂ, ಮನೆಯಿಂದ ಹೊರಗೆ ಕಾಲಿಡಲಾಗದವರ ಪಾಡೇನು? ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ನಗರಾಡಳಿತ. ಅದರ ಕಥೆಯೂ ಅಷ್ಟೇ ಸೊಗಸಾದದ್ದು.

ಟೊಯಾಮಾ ಜಪಾನ್ ಸಮುದ್ರದ ಕರಾವಳಿಯ ಊರು. ಬೆನ್ನಿಗೆ ಮೂರು ಸಾವಿರ ಮೀಟರ್ ಎತ್ತರದ ತತೆಯಾಮಾ ಪರ್ವತಗಳು, ಚಳಿಗಾಲದಲ್ಲಿ ರಾಶಿ ಹಿಮ. ಜನಸಂಖ್ಯೆ ನಾಲ್ಕು ಲಕ್ಷದ ಆಸುಪಾಸು, ಅಂದರೆ 2011ರ ಗಣತಿಯ ಬಳ್ಳಾರಿಯಷ್ಟು. ಅದರಲ್ಲಿ ಹತ್ತಕ್ಕೆ ಸುಮಾರು ಮೂವರು 65 ದಾಟಿದವರು. 1945ರ ಆಗಸ್ಟ್‌ನ ಒಂದೇ ರಾತ್ರಿಯ ಬಾಂಬ್ ದಾಳಿಯಲ್ಲಿ ನಗರ ಹೆಚ್ಚುಕಡಿಮೆ ಪೂರ್ತಿ ಸುಟ್ಟುಹೋಗಿತ್ತು. ಮತ್ತೆ ಕಟ್ಟುವಾಗ ಅಗಲವಾದ ರಸ್ತೆಗಳು ಬಂದವು. ಸುತ್ತ ಸಮತಟ್ಟು ನೆಲ ಇದ್ದುದರಿಂದ ಬಹಳ ಮಂದಿ ಊರಾಚೆ ಸ್ವಂತ ಮನೆ ಕಟ್ಟಿಕೊಂಡು ಕಾರು ಕೊಂಡರು. ಜಪಾನಿನಲ್ಲೇ ಮನೆಗೆ ಹೆಚ್ಚು ಕಾರಿರುವ ಪ್ರಾಂತ್ಯಗಳಲ್ಲಿ ಟೊಯಾಮಾ ಒಂದು. ಕೈಕಾಲು ಗಟ್ಟಿಯಿರುವ ತನಕ ಇದು ಹಾಯಾದ ಬದುಕೇ. ಕಣ್ಣು ಮಂಜಾಗಿ ಕಾರು ಬಿಟ್ಟ ದಿನ ಅಂಗಡಿ, ಆಸ್ಪತ್ರೆ, ಗೆಳೆಯರು ಎಲ್ಲರೂ ಒಟ್ಟಿಗೇ ದೂರವಾಗುತ್ತಾರೆ.

2002ರಲ್ಲಿ ಮೇಯರ್ ಆದ ಮೋರಿ ಮಸಾಶಿ ಒಂದು ಲೆಕ್ಕವನ್ನು ಜನರ ಮುಂದಿಟ್ಟರು. ಊರು ಹೀಗೇ ಹರಡುತ್ತ ಹೋದರೆ ರಸ್ತೆ, ಕೊಳವೆ, ಹಿಮ ತೆಗೆಯುವ ಖರ್ಚು ಬೆಳೆಯುತ್ತದೆ, ತೆರಿಗೆ ಕಟ್ಟುವವರು ಕಡಿಮೆಯಾಗುತ್ತಾರೆ. ಅವರು ಕೊಟ್ಟ ಚಿತ್ರ ‘ದಾಂಗೊ’. ಅಕ್ಕಿಹಿಟ್ಟಿನ ಪುಟ್ಟ ಉಂಡೆಗಳನ್ನು ಕಡ್ಡಿಗೆ ಚುಚ್ಚಿ ಮಾರುವ ಜಪಾನಿನ ಬೀದಿ ತಿಂಡಿ ಅದು. ಕಡ್ಡಿ ಎಂದರೆ ರೈಲು, ಟ್ರಾಮ್, ಬಸ್ಸು; ಉಂಡೆ ಎಂದರೆ ನಿಲ್ದಾಣದ ಸುತ್ತ ನಡೆದೇ ತಲುಪಬಹುದಾದ ವಸತಿ. ರೈಲು, ಟ್ರಾಮ್ ನಿಲ್ದಾಣದಿಂದ 500 ಮೀಟರ್, ಬಸ್ ನಿಲ್ದಾಣದಿಂದ 300 ಮೀಟರ್ ಒಳಗೆ ಮನೆ ಮಾಡುವವರಿಗೆ ಸಹಾಯಧನ ಬಂತು. ಇಂಥ ಜಾಗಗಳಲ್ಲಿ ಇರುವವರ ಪ್ರಮಾಣವನ್ನು 2005ರ ಶೇ 28ರಿಂದ 20 ವರ್ಷಗಳಲ್ಲಿ ಶೇ 42ಕ್ಕೆ ಏರಿಸುವುದು ಗುರಿಯಾಗಿತ್ತು. ಯಾರನ್ನೂ ಎಬ್ಬಿಸಲಿಲ್ಲ, ಯಾರ ಮನೆಯನ್ನೂ ಕೆಡವಲಿಲ್ಲ. ಗುರಿ ಮುಟ್ಟಿದರೂ ಅರ್ಧಕ್ಕಿಂತ ಹೆಚ್ಚು ಜನ ಹೊರಗೇ ಇರುತ್ತಾರೆ ಎಂಬುದನ್ನು ಒಪ್ಪಿಕೊಂಡೇ ಹೊರಟ ಯೋಜನೆ ಇದು. ನನಗೆ ಇದರಲ್ಲಿ ಹೆಚ್ಚು ಹಿಡಿಸಿದ್ದು ಈ ಸಂಯಮ.

ಬಂದರಿನ ಕಡೆಗೆ ಹೋಗುವ ಹಳೆಯ ರೈಲುಮಾರ್ಗವೊಂದು ಪ್ರಯಾಣಿಕರಿಲ್ಲದೆ ಸೊರಗಿತ್ತು. ಅದನ್ನು ಮುಚ್ಚುವ ಬದಲು 2006ರ ಏಪ್ರಿಲ್‌ನಲ್ಲಿ ‘ಪೋರ್ಟ್‌ರ್‍ಯಾಮ್’ ಎಂಬ ಹೊಸ ಟ್ರಾಮ್ ಆಗಿ ಮಾಡಿದರು. 7.6 ಕಿಲೋಮೀಟರ್ ದಾರಿ, ಏಳು ಬಣ್ಣದ ಏಳು ಗಾಡಿಗಳು. ಮೊದಲು ಅರ್ಧ ಗಂಟೆಗೋ ಗಂಟೆಗೋ ಒಂದು ರೈಲು ಬರುತ್ತಿದ್ದಲ್ಲಿ ಹಗಲಲ್ಲಿ 15 ನಿಮಿಷಕ್ಕೊಂದು ಗಾಡಿ ಬರತೊಡಗಿತು. ಗಾಡಿಯ ನೆಲವೂ ನಿಲ್ದಾಣದ ಕಟ್ಟೆಯೂ ಒಂದೇ ಮಟ್ಟದಲ್ಲಿವೆ, ನಡುವೆ ಸಣ್ಣ ಸಂದಷ್ಟೇ. ಜಪಾನಿನ ಅಜ್ಜಿಯರು ಊರುಗೋಲಿನ ಬದಲು ಹಿಡಿದು ತಳ್ಳುವ, ಬೇಕೆಂದಾಗ ಮೇಲೆ ಕೂರಬಹುದಾದ ಪುಟ್ಟ ಗಾಲಿಬಂಡಿಯೊಂದಿದೆ. ಅದನ್ನು ಎತ್ತದೆ, ಯಾರ ಕೈಯನ್ನೂ ಕೇಳದೆ, ಉರುಳಿಸಿಕೊಂಡೇ ಅವರು ಟ್ರಾಮ್ ಹತ್ತಬಹುದು. ಇಂಥದ್ದೊಂದು ಪುಟ್ಟ ಅನುಕೂಲಕ್ಕೆ ಎಷ್ಟು ಬೆಲೆ ಎಂಬುದು ನಮ್ಮ ಬಸ್ಸುಗಳ ಎತ್ತರದ ಮೆಟ್ಟಿಲನ್ನು ಹಿರಿಯರೊಂದಿಗೆ ಹತ್ತಿದವರಿಗೆ ಗೊತ್ತು. ಕೆಲಸದ ದಿನಗಳ ಪ್ರಯಾಣಿಕರು ಹಳೆಯ ರೈಲಿನ ಕಾಲಕ್ಕಿಂತ ಎರಡು ಪಟ್ಟಾದರು. ನಡುಹಗಲಿನ ಹೊತ್ತು ಹೊಸದಾಗಿ ಟ್ರಾಮ್ ಹತ್ತಿದವರಲ್ಲಿ ವಯಸ್ಸಾದ ಹೆಂಗಸರೇ ಬಹಳ. 2009ರಲ್ಲಿ ನಗರದ ನಡುವೆ ವರ್ತುಲ ಮಾರ್ಗ ಬಂತು. 2020ರ ಮಾರ್ಚ್‌ನಲ್ಲಿ ಶಿಂಕಾನ್ಸೆನ್ ಬುಲೆಟ್ ರೈಲಿನ ನಿಲ್ದಾಣದ ಕೆಳಗೆ ಉತ್ತರ, ದಕ್ಷಿಣದ ಟ್ರಾಮ್ ಹಳಿಗಳು ಕೂಡಿದವು.

ಹಳಿ ಹಾಕಿದ ಮಾತ್ರಕ್ಕೆ ಮನೆಯಲ್ಲಿ ಕೂತವರು ಏಳುವುದಿಲ್ಲ. ಅದಕ್ಕೆ ‘ಒದೆಕಾಕೆ’ ಪಾಸು, ಅಂದರೆ ಹೊರಗೆ ಹೋಗಿಬರುವ ಪಾಸು. 65 ದಾಟಿದವರು ವರ್ಷಕ್ಕೆ 1,000 ಯೆನ್ ಕಟ್ಟಿದರೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಊರಿನ ಯಾವ ಮೂಲೆಯಿಂದಲೂ 100 ಯೆನ್‌ಗೆ ಪೇಟೆಗೆ ಬರಬಹುದು. ಬೆಳಗಿನ, ಸಂಜೆಯ ನೂಕುನುಗ್ಗಲು ಇಲ್ಲದ ಹೊತ್ತಿನಲ್ಲಿ ಖಾಲಿ ಓಡುವ ಬಸ್ಸು ತುಂಬುತ್ತದೆ, ಅಜ್ಜಂದಿರೂ ಪೇಟೆಗೆ ಬಂದು ನಡೆಯುತ್ತಾರೆ, ಅಂಗಡಿಗಳಲ್ಲಿ ವ್ಯಾಪಾರವಾಗುತ್ತದೆ. ಮೊಮ್ಮಗನ ಕೈ ಹಿಡಿದು ಬಂದ ಅಜ್ಜ ಅಜ್ಜಿಗೆ ನಗರದ ಪ್ರಾಣಿಸಂಗ್ರಹಾಲಯ, ವಸ್ತುಸಂಗ್ರಹಾಲಯಗಳಿಗೆ ಟಿಕೆಟ್ ಬೇಡ. ಪೇಟೆಯ ಗೊತ್ತುಮಾಡಿದ ಅಂಗಡಿಯಲ್ಲಿ ಹೂಗುಚ್ಛ ಕೊಂಡು ಟ್ರಾಮ್ ಹತ್ತಿದವರಿಗೂ ಟಿಕೆಟ್ ಬೇಕಿರಲಿಲ್ಲ! ಬಂದವರು ಕೂರಲು ಗಾಜಿನ ಚಾವಣಿಯ ‘ಗ್ರಾಂಡ್ ಪ್ಲಾಜಾ’ ಇದೆ, ಅಲ್ಲಿ ಮಳೆ ಹಿಮದ ಭಯವಿಲ್ಲ. ಓದುವವರಿಗೆ, ವಾಸ್ತುಶಿಲ್ಪಿ ಕೆಂಗೊ ಕುಮಾ ವಿನ್ಯಾಸಗೊಳಿಸಿದ ಕಟ್ಟಡದಲ್ಲಿ 2015ರಲ್ಲಿ ತೆರೆದ ನಗರ ಗ್ರಂಥಾಲಯ. ಮಕ್ಕಳಿಲ್ಲದೆ ಮುಚ್ಚಿದ ಪ್ರಾಥಮಿಕ ಶಾಲೆಯ ಜಾಗದಲ್ಲಿ 2011ರಲ್ಲಿ ‘ಕಾದೊಕಾವಾ’ ಕೇಂದ್ರ ಬಂತು. ನೆಲದಾಳದ ಬಿಸಿನೀರು ತುಂಬಿದ ಕೊಳದಲ್ಲಿ ಎದೆಮಟ್ಟ ನಿಂತು ಹಿರಿಯರು ಅಲ್ಲಿ ವ್ಯಾಯಾಮ ಮಾಡುತ್ತಾರೆ. ಹಾಸಿಗೆ ಹಿಡಿದ ಮೇಲೆ ಆರೈಕೆ ಮಾಡುವುದಕ್ಕಿಂತ ಹಾಸಿಗೆ ಹಿಡಿಯದಂತೆ ನೋಡಿಕೊಳ್ಳುವುದೇ ಇದರ ಉದ್ದೇಶ.

ಇದರ ಹಿಂದೆ ದೇಶಮಟ್ಟದ ಆಸರೆಯೂ ಇದೆ. 2000ದ ಏಪ್ರಿಲ್‌ನಿಂದ ಜಪಾನಿನಲ್ಲಿ ಆರೈಕೆ ವಿಮೆ ಕಡ್ಡಾಯ. 40 ದಾಟಿದವರೆಲ್ಲ ಕಂತು ಕಟ್ಟುತ್ತಾರೆ, ಅಷ್ಟೇ ಹಣವನ್ನು ಸರ್ಕಾರಗಳು ತೆರಿಗೆಯಿಂದ ಕೊಡುತ್ತವೆ. ಆರೈಕೆ ಬೇಕಾದಾಗ ಹೆಚ್ಚಿನವರು ಕೈಯಿಂದ ಕೊಡುವುದು ಖರ್ಚಿನ ಹತ್ತನೇ ಒಂದು ಪಾಲು. ಬೀದಿಮಟ್ಟದಲ್ಲಿ ‘ಮಿನ್ಸೆಯ್ ಈನ್’ ಎಂಬ ಸ್ವಯಂಸೇವಕರಿದ್ದಾರೆ. ಈ ವ್ಯವಸ್ಥೆಯ ಬೇರು 1917ರ ಒಕಾಯಾಮಾದಲ್ಲಿದೆ. ನೇಮಕ ಸರ್ಕಾರದ್ದು, ಅವಧಿ ಮೂರು ವರ್ಷ, ಸಂಬಳವಿಲ್ಲ. ಒಂಟಿ ವೃದ್ಧರ ಬಾಗಿಲು ತಟ್ಟಿ, ಪೇಪರು ಎತ್ತಿಕೊಂಡಿದ್ದಾರೆಯೇ, ದೀಪ ಹಚ್ಚಿದ್ದಾರೆಯೇ ಎಂದು ನೋಡಿ ಬರುವವರು ಇವರು. ಈಗ ಅವರಲ್ಲೇ ಬಹಳ ಮಂದಿಗೆ ವಯಸ್ಸಾಗಿದೆ, ಜಾಗ ತುಂಬಲು ಹೊಸಬರು ಸಿಗುತ್ತಿಲ್ಲ.

ಟೊಯಾಮಾಕ್ಕೆ ಹೆಸರು ಬಂತು. 2012ರಲ್ಲಿ ಮುಂದುವರಿದ ದೇಶಗಳ ಆರ್ಥಿಕ ಕೂಟವಾದ ಒಇಸಿಡಿ ಸಂಸ್ಥೆ ಮೆಲ್ಬರ್ನ್, ವ್ಯಾಂಕೂವರ್, ಪ್ಯಾರಿಸ್, ಪೋರ್ಟ್‌ಲ್ಯಾಂಡ್‌ಗಳ ಜೊತೆ ಈ ಪುಟ್ಟ ಊರನ್ನೂ ಒತ್ತಾಗಿ ಕಟ್ಟಿದ ನಗರಗಳ ಅಧ್ಯಯನಕ್ಕೆ ಆರಿಸಿಕೊಂಡಿತು. ಆದರೂ ಕಡ್ಡಿಗೆ ಸಿಗದ ಊರುಗಳು ಇದ್ದೇ ಇವೆ. 2005ರಲ್ಲಿ ಸುತ್ತಲ ಆರು ಊರುಗಳು ಸೇರಿ ನಗರದ ವಿಸ್ತಾರ 1,200 ಚದರ ಕಿಲೋಮೀಟರ್ ದಾಟಿತು, ಬೆಟ್ಟದ ಬುಡದ ಹಳ್ಳಿಗಳೂ ನಗರದೊಳಗೆ ಬಂದವು. ನಮ್ಮ ತೆರಿಗೆಯನ್ನು ಪೇಟೆಯ ಟ್ರಾಮ್‌ಗೆ ಯಾಕೆ ಸುರಿಯುತ್ತೀರಿ ಎಂದು ಅಲ್ಲಿಯವರು ಕೇಳಿದ್ದು ನ್ಯಾಯವೇ. ನಗರದ ಒಟ್ಟು ನೆಲದಲ್ಲಿ ಶೇ 0.4ರಷ್ಟಿರುವ ಪೇಟೆಯಿಂದ ಆಸ್ತಿ ಸಂಬಂಧದ ತೆರಿಗೆಯ ಐದನೇ ಒಂದು ಪಾಲಿಗಿಂತ ಹೆಚ್ಚು ಬರುತ್ತದೆ, ಪೇಟೆ ಬಾಡಿದರೆ ಹಳ್ಳಿಯ ಸೇವೆಗೂ ದುಡ್ಡಿರುವುದಿಲ್ಲ ಎಂಬುದು ಮೋರಿಯವರ ಉತ್ತರ. 2021ರವರೆಗೂ ಅವರೇ ಮೇಯರ್ ಆಗಿದ್ದರು ಎಂದರೆ ಜನ ಆ ಉತ್ತರವನ್ನು ಬಹುಮಟ್ಟಿಗೆ ಒಪ್ಪಿದರು ಅನ್ನಬೇಕು. ಕುರೆಹಾದಂಥ ಕಡೆ ನಿವಾಸಿಗಳೇ ಕೂಡಿಕೊಂಡು ತಮ್ಮ ಬಸ್ಸು ಓಡಿಸುತ್ತಾರೆ, ನಗರಾಡಳಿತ ಅದಕ್ಕೆ ಕೈಜೋಡಿಸುತ್ತದೆ. ಅದಕ್ಕೂ ಆಚೆ ಬೆಟ್ಟದ ಮಗ್ಗುಲಲ್ಲಿ ಬಸ್ಸು ಅಪರೂಪ. ಅಲ್ಲಿ ಎಂಬತ್ತು ದಾಟಿದವರೂ ಹಿಮದ ನಡುವೆ ಕಾರು ನಡೆಸಿಕೊಂಡೇ ಆಸ್ಪತ್ರೆಗೆ ಬರುತ್ತಾರೆ.