ಚಿಪ್‌ನೊಳಗಿನ ಕೋಟೆಯೂ ಕಂದಕವೂ

ಪ್ರಶ್ನೆ: ಚಿಪ್‌ನ ನಕ್ಷೆಯಲ್ಲಿ ಒಂದೇ ವಿದ್ಯುನ್ಮಂಡಲದ ಸುತ್ತ ಎರಡು ಮೂರು ಗಾರ್ಡ್ ರಿಂಗ್‌ಗಳೇಕೆ? ಒಂದು ಸಾಲದೆ?
— ವಿದ್ಯಾರ್ಥಿ, ತಿಕೋಟಾ

ಉತ್ತರ: ವಿಜಯಪುರ ಸೀಮೆಯವರಾದ ತಮಗೆ ಇದರ ದೃಷ್ಟಾಂತ ಕಣ್ಣೆದುರಿನಲ್ಲಿಯೇ ಇದೆ. 1565ರಲ್ಲಿ ಒಂದನೆಯ ಅಲಿ ಆದಿಲಶಾಹನ ಕಾಲದಲ್ಲಿ ಪೂರ್ಣಗೊಂಡ ಹೊರಕೋಟೆ, ಅದನ್ನು ಬಳಸಿದ ಕಂದಕ, ನಡುವೆ ತನ್ನದೇ ಕಾವಲುಳ್ಳ ಒಳಕೋಟೆಯಾದ ಅರಕಿಲ್ಲೆ: ಗೋಡೆ ತಡೆಯಲಾರದುದನ್ನು ಕಂದಕವು ತಡೆಯುತ್ತಿದ್ದಿತು.

ಚಿಪ್‌ನಲ್ಲಿಯೂ ಹಾಗೆಯೇ. ಮಂಡಲಗಳೆಲ್ಲವೂ ಒಂದೇ ಸಿಲಿಕಾನ್ ನೆಲದ ಮೇಲೆ ನಿಂತಿರುವುದರಿಂದ, ಒಂದರಿಂದ ಸೋರಿದ ವಿದ್ಯುದಾವೇಶವು ಆ ನೆಲದೊಳಗೇ ಹರಿದು ನೆರೆಯ ಮಂಡಲವನ್ನು ಕದಡುತ್ತದೆ. ಈ ಆವೇಶವಾದರೋ ಎರಡು ಬಗೆಯದು, ಋಣಾತ್ಮಕವಾದ ಎಲೆಕ್ಟ್ರಾನ್ ಮತ್ತು ಧನಾವೇಶದಂತೆ ವರ್ತಿಸುವ ರಂಧ್ರ (ಎಲೆಕ್ಟ್ರಾನ್ ಇಲ್ಲದ ತೆರಪು). ರಂಧ್ರಗಳೇ ಹೆಚ್ಚಿರುವ ಸಿಲಿಕಾನ್ ಪಿ ಬಗೆಯದು, ಎಲೆಕ್ಟ್ರಾನುಗಳೇ ಹೆಚ್ಚಿರುವುದು ಎನ್ ಬಗೆಯದು. ಮಂಡಲವನ್ನು ಬಳಸಿ ನಿಂತು ಸೋರಿದ ಆವೇಶವನ್ನು ಹೀರುವ ಕಾವಲಿನ ಉಂಗುರವೇ ಗಾರ್ಡ್ ರಿಂಗ್. ಪಿ ಬಗೆಯ ನೆಲದಲ್ಲಿ, ಗ್ರೌಂಡಿಗೆ ಸೇರಿಸಿದ ಪಿ ಉಂಗುರವು ರಂಧ್ರಗಳನ್ನೂ, ಧನ ವಿದ್ಯುತ್ತಿಗೆ ಸೇರಿಸಿದ, ಹೆಚ್ಚು ಆಳಕ್ಕಿಳಿದ ಎನ್ ಉಂಗುರವು ಎಲೆಕ್ಟ್ರಾನುಗಳನ್ನೂ ಹೀರಿಕೊಳ್ಳುವುದರಿಂದ, ಎರಡೂ ಕೂಡಿಯೇ ಕಾವಲು ಪೂರ್ಣವಾಗುತ್ತದೆ. ಇಲ್ಲದಿದ್ದರೆ ನೆಲದಲ್ಲಿ ಒಂದರ ಪಕ್ಕ ಒಂದಾಗಿ ಬರುವ ಪಿ-ಎನ್-ಪಿ-ಎನ್ ಪದರಗಳು ತಾವಾಗಿಯೇ ಸ್ವಿಚ್ಚು ಹಾಕಿದಂತೆ ಚಾಲೂ ಆಗಿ, ವಿದ್ಯುತ್ ಮಿತಿಮೀರಿ ಹರಿದು ಚಿಪ್ ಸುಟ್ಟುಹೋಗಬಹುದು. ಇದಕ್ಕೆ ಲ್ಯಾಚ್-ಅಪ್ ಎಂದು ಹೆಸರು.

ಆದರೆ ಉಂಗುರಗಳನ್ನು ಹೆಚ್ಚಿಸಿದಷ್ಟೂ ಬೆಲೆಬಾಳುವ ಸ್ಥಳ ವ್ಯಯವಾಗುವುದಲ್ಲದೆ, ವಿದ್ಯುತ್ ಗದ್ದಲವುಳ್ಳ ಗ್ರೌಂಡ್ ತಂತಿಗೆ ಕಟ್ಟಿದ ಉಂಗುರವು ಶತ್ರುವಿಗೆ ಬಾಗಿಲು ತೆರೆದ ಕಾವಲುಗಾರನಂತೆ ಆ ಗದ್ದಲವನ್ನು ತಾನೇ ಒಳಗೆ ತರುತ್ತದೆ. ಆದುದರಿಂದ ಉಂಗುರಕ್ಕೆ ನಿರ್ಮಲವಾದ ಪ್ರತ್ಯೇಕ ತಂತಿಯೂ ಹೇರಳವಾದ ಸಂಪರ್ಕಬಿಂದುಗಳೂ ಅವಶ್ಯ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು ಬೆಂಗಳೂರಿಗೆ ಬಂದಂದಿನಿಂದ ನಮ್ಮ ನಾಡಿನಲ್ಲಿ ಬೆಳೆದುಬಂದ ಚಿಪ್ ವಿನ್ಯಾಸದ ವಿದ್ಯೆಯಲ್ಲಿ ಈ ವಿವೇಕವೂ ಒಂದು ಮುಖ್ಯ ಪಾಠ. ಅದನ್ನು ತಾವೂ ಕಲಿಯುವಂತಾಗಲೆಂದು ಹಾರೈಸುತ್ತೇನೆ.